ಕಲ್ಲು ಹಾಸಿದ ಲಿಫ್ಟು

ಜುಲೈ ೬

ಅಕ್ಕಾ,

ನನ್ನ ಫೋನ್ ಸತ್ತಿದೆ. ಆರನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲಿಗೆ ಎಣ್ಣೆ ಬಿಡಲು ಬಗ್ಗಿದಾಗ ಅಂಗಿಯ ಜೇಬಿನಿಂದ ಜಾರಿ ನೆಟ್ಟಗೆ ತಳದ ಗುಂಡಿಗೆ ಹೋಯಿತು. ಆ ಹೊತ್ತಿಗೆ ಸರಿಯಾಗಿ ನೀನೇ ಕರೆ ಮಾಡುತ್ತಿದ್ದೆ. ‘ಅಕ್ಕ’ ಎಂದು ಮಿನುಗುತ್ತಲೇ ಕೆಳಗಿಳಿಯಿತು. ನಮ್ಮ ಮೇಸ್ತ್ರಿ ಇಣುಕಿ ನೋಡಿ, “ನಿಮ್ಮಕ್ಕ ಬಿದ್ದೋದ್ರಲ್ಲೋ” ಅಂದರು.

ಹೊಸದು ಸದ್ಯಕ್ಕೆ ತೆಗೆದುಕೊಳ್ಳುವುದಿಲ್ಲ. ಫೋನಿನಲ್ಲಿ ನಾವಿಬ್ಬರೂ ಮಾತಾಡಿದಾಗಲೆಲ್ಲ ಜಗಳವೇ ಆಗಿದೆ. ಕಾಗದದಲ್ಲಾದರೆ ನೀನು ಬೈಯುವ ಪುಟ ಬಂದಾಗ ಮಡಿಚಿಟ್ಟು, ಊಟ ಮಾಡಿ ಬಂದು, ಹೊಟ್ಟೆ ತುಂಬಿದ ಮೇಲೆ ಓದಬಹುದು.

ನಾನು ಓದು ಬಿಟ್ಟು ಓಡಿಬಂದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಬೇಡ. ಎರಡು ವರ್ಷ ಮುಗಿಸಿ ಸೆಪ್ಟೆಂಬರಿನ ತನಕ ಬಿಡುವು ತೆಗೆದುಕೊಂಡಿದ್ದೇನೆ, ಅಷ್ಟೆ. ಅದಕ್ಕೆ ನಿಮ್ಮ ಪ್ರಿನ್ಸಿಪಾಲರೇ ಸಹಿ ಹಾಕಿದ್ದಾರೆ. ಗಣಿತ ತಲೆಗೆ ಹತ್ತಲಿಲ್ಲ ಎಂದು ನೀನು ತಿಳಿದಿದ್ದೀಯ. ಹತ್ತಿತ್ತು. ಸಾಕಾಗಿದ್ದು ಬೇರೆ. ಲ್ಯಾಬಿನಲ್ಲಿ ಪ್ರಯೋಗ ಮಾಡುವ ಮೊದಲೇ ರೀಡಿಂಗ್ ಬರೆದಿಟ್ಟುಕೊಳ್ಳುತ್ತಿದ್ದೆವು, ಹಿಂದಿನ ವರ್ಷದವರ ರೆಕಾರ್ಡ್ ನೋಡಿ. ಯಂತ್ರಕ್ಕೆ ಬಟ್ಟೆ ಹೊದಿಸಿ ‘ಮುಟ್ಟಬೇಡಿ’ ಎಂದು ಬೋರ್ಡು ಬೇರೆ. ಎರಡು ವರ್ಷದಲ್ಲಿ ನಾನು ತಪ್ಪು ಉತ್ತರ ಬರೆದದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಸರಿ ಉತ್ತರ ಬರೆದಾಗಲೂ ಏನೂ ಆಗಲಿಲ್ಲ.

ಇಲ್ಲಿ ಹಾಗಲ್ಲ. ಬೆಳಿಗ್ಗೆ ಚೀಲ ಹೊತ್ತು ಒಂದೊಂದೇ ಕಟ್ಟಡಕ್ಕೆ ಹೋಗುತ್ತೇವೆ. ಎಲ್ಲದರ ನೆತ್ತಿಯ ಮೇಲೂ ಒಂದು ಪುಟ್ಟ ಮೆಷಿನ್ ರೂಮು, ಒಳಗೆ ಬೇಯಿಸುವಂಥ ಸೆಕೆ, ಮೂಲೆಯಲ್ಲಿ ಪಾರಿವಾಳದ ಪುಕ್ಕ. ನಡುವೆ ಸೊಂಟದೆತ್ತರದ ಚಕ್ರ. ಅದರ ಮೇಲೆ ಹಾದುಹೋಗುವ ಉಕ್ಕಿನ ರೋಪಿನ ಒಂದು ತುದಿಗೆ ಜನ ನಿಲ್ಲುವ ಡಬ್ಬಿ, ಇನ್ನೊಂದು ತುದಿಗೆ ಅದನ್ನು ಸರಿತೂಗಿಸುವ ಕಬ್ಬಿಣದ ಭಾರ. ನಾನು ನಟ್ಟು ಬಿಗಿ ಮಾಡಿ ಇಳಿಯುತ್ತಿದ್ದಂತೆ ಜನ ನನ್ನ ಮುಂದೆಯೇ ಡಬ್ಬಿಯೊಳಗೆ ಹೋಗಿ ನಿಲ್ಲುತ್ತಾರೆ. ಆಗ ಆಗುವುದನ್ನು ನಿನಗೆ ಹೇಗೆ ಹೇಳಲಿ? ಎದೆ ಸ್ವಲ್ಪ ಬಡಿದುಕೊಳ್ಳುತ್ತದೆ. ಅದು ನನಗೆ ಬಹಳ ಇಷ್ಟವಾಗಿದೆ.

ಅಪ್ಪನಿಗೆ ಏನು ಹೇಳಿದ್ದೀಯ?

ನಿನ್ನ ತಮ್ಮ


ಜುಲೈ ೧೯

ತರಲೆ,

ಅಪ್ಪನಿಗೆ ನೀನು ಕಾಲೇಜಿನ ಕಡೆಯಿಂದಲೇ ತರಬೇತಿಗೆ ಹೋಗಿದ್ದೀಯ ಎಂದು ಹೇಳಿದ್ದೇನೆ. ಸುಳ್ಳು ನನ್ನದು, ಹೆಗಲು ನಿನ್ನದು. ಅವರು ಆಗಲೇ ಡಿಪೋಗೆ ಹೋಗಿ ಹಳೆಯ ಚಾಲಕರಿಗೆಲ್ಲ ಡಂಗುರ ಸಾರಿ ಬಂದಿದ್ದಾರೆ. “ನಮ್ಮ ಹುಡುಗನ್ನ ಕಾಲೇಜಿನೋರೇ ಆರಿಸಿ ಕಳ್ಸಿದಾರೆ” ಎಂದು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ, ಮನೆಯಲ್ಲಿ ಒಬ್ಬ ಎಂಜಿನಿಯರ್ ಆಗಲಿ ಎಂದು ಬಯಸಿದರೆ ತಪ್ಪೇನು? ಅಮ್ಮ ಇದ್ದಿದ್ದರೆ ನಿನ್ನ ಕಿವಿ ಹಿಂಡಿ ಎಳೆದು ತರುತ್ತಿದ್ದಳು. ನನಗೆ ಅಷ್ಟು ಉದ್ದದ ಕೈಯಿಲ್ಲ.

ನಿನ್ನ ಎದೆಬಡಿತದ ವರ್ಣನೆ ಓದಿದೆ. ಚೆನ್ನಾಗಿದೆ. ಆದರೆ ಎದೆ ಬಡಿಯುವುದು ಜ್ಞಾನವಲ್ಲ. ಒಂದು ಲಿಫ್ಟು ಕಲಿತರೆ ಒಂದು ಲಿಫ್ಟು ಗೊತ್ತಾಗುತ್ತದೆ, ಒಂದು ಸಮೀಕರಣ ಕಲಿತರೆ ಎಲ್ಲ ಲಿಫ್ಟೂ ಗೊತ್ತಾಗುತ್ತದೆ. ಏಳು ವರ್ಷದಿಂದ ನಾನು ಪಾಠ ಮಾಡುತ್ತಿರುವುದು ಇದನ್ನೇ. ಇಲ್ಲಿಯ ತನಕ ಒಂದು ಮೆಷಿನ್ ರೂಮಿಗೂ ಹತ್ತಿಲ್ಲ, ಹತ್ತುವ ಅಗತ್ಯವೂ ಬಿದ್ದಿಲ್ಲ.

ಲ್ಯಾಬಿನ ವಿಷಯದಲ್ಲಿ ನೀನು ಬರೆದದ್ದು ನಿಜ. ಅದಕ್ಕೆ ನನಗೂ ನಾಚಿಕೆ ಇದೆ. ಆದರೆ ಮನೆ ಸೋರುತ್ತದೆ ಎಂದು ಬೀದಿಯಲ್ಲಿ ಮಲಗುತ್ತಾರೇನು?

ಒಂದು ಮಾತು ತಲೆಯಲ್ಲಿ ಕೊರೆದಿಟ್ಟುಕೋ. ಸೆಪ್ಟೆಂಬರ್ ೧೫ರ ಮಧ್ಯಾಹ್ನದೊಳಗೆ ನೀನೇ ಬಂದು ಆಫೀಸಿನಲ್ಲಿ ಸಹಿ ಹಾಕಬೇಕು. ಬರದಿದ್ದರೆ ಸೀಟು ಹೋಗುತ್ತದೆ, ಓದಿದ ಎರಡು ವರ್ಷವೂ ಹೋಗುತ್ತದೆ, ಮತ್ತೆ ಮೊದಲ ವರ್ಷದಿಂದ ಶುರು. ನಾನು ಅಲ್ಲಿ ಮೇಷ್ಟ್ರು ಎನ್ನುವ ಕಾರಣಕ್ಕೆ ಯಾರೂ ಒಂದು ಗಂಟೆ ಹೆಚ್ಚು ಕೊಡುವುದಿಲ್ಲ. ಕೇಳಿ ನೋಡಿದ್ದೇನೆ.

ಅಕ್ಕ


ಆಗಸ್ಟ್ ೪

ಪ್ರೊಫೆಸರಮ್ಮನವರಿಗೆ,

ಹೊಟ್ಟೆ ತುಂಬಿದ ಮೇಲೆಯೇ ಓದಿದೆ. ಅಜೀರ್ಣವಾಯಿತು.

ನಿನ್ನನ್ನು ನಗಿಸಲು ಒಂದು ಸುದ್ದಿ. ನಮ್ಮ ಕೈಕೆಳಗಿನ ಕಟ್ಟಡಗಳಲ್ಲಿ ಒಂದರ ಮೇಲಿನ ಮಹಡಿಯಲ್ಲಿ ಕಣ್ಣಿನ ಡಾಕ್ಟರ ಕ್ಲಿನಿಕ್ ಇದೆ. ಕಟ್ಟಡದ ಮಾಲೀಕರಿಗೆ ಲಿಫ್ಟು ಹಳೆಯ ಟ್ರಂಕಿನಂತೆ ಕಾಣುತ್ತದೆ ಎಂದು ಬೇಸರವಾಗಿ, ನಮಗೆ ಒಂದು ಮಾತೂ ಹೇಳದೆ, ಡಬ್ಬಿಯ ನೆಲಕ್ಕೂ ಗೋಡೆಗೂ ಅಮೃತಶಿಲೆ ಹಾಕಿಸಿದ್ದಾರೆ. ಮೂರು ಕಡೆ ಕನ್ನಡಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಇಳಿಯುವವರಿಗೆ ಕನ್ನಡಿ!

ಆ ದಿನದಿಂದ ಲಿಫ್ಟಿಗೆ ಒಂದು ಚಾಳಿ ಹತ್ತಿದೆ. ಖಾಲಿ ಇದ್ದಾಗ ಸರಿಯಾಗಿ ನಿಲ್ಲುತ್ತದೆ. ಜನ ತುಂಬಿ ಇಳಿದರೆ ಮಹಡಿಯ ನೆಲಕ್ಕಿಂತ ಒಂದು ಗೇಣು ಕೆಳಗೆ ಹೋಗಿ ನಿಲ್ಲುತ್ತದೆ. ಮುದುಕರೆಲ್ಲ ಮೆಟ್ಟಿಲು ಹತ್ತುವಂತೆ ಕಾಲೆತ್ತಿ ಹೊರಗೆ ಬರಬೇಕು. ಮೇಸ್ತ್ರಿ ಚಕ್ರದ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, “ಬ್ರೇಕು ಸೋಮಾರಿ ಆಗಿದೆ. ಇನ್ನೊಂಚೂರು ಬಿಗಿ ಮಾಡಿದ್ರೆ ದಾರಿಗೆ ಬರುತ್ತೆ” ಅನ್ನುತ್ತಾರೆ. ಅವರ ಕೈಯಿಂದ ಎಷ್ಟು ಲಿಫ್ಟುಗಳು ದಾರಿಗೆ ಬಂದಿವೆಯೋ. ನನಗೂ ಅಂಗೈಯಿಟ್ಟು ಕೇಳುವುದನ್ನು ಕಲಿಸುತ್ತಿದ್ದಾರೆ. ಈಗ ಸ್ವಲ್ಪ ಸ್ವಲ್ಪ ತಿಳಿಯುತ್ತದೆ. ನಿನ್ನ ಯಾವ ಸಮೀಕರಣಕ್ಕೆ ಅಂಗೈ ಇದೆ?

ಸೆಪ್ಟೆಂಬರಿನ ಮಾತು ಈಗ ಬೇಡ.

ತಮ್ಮ


ಆಗಸ್ಟ್ ೧೬

ತರಲೆ,

ಕನ್ನಡಿಯ ವಿಷಯಕ್ಕೆ ನಕ್ಕೆ. ಅಪ್ಪನಿಗೂ ಓದಿ ಹೇಳಿದೆ, ಸೆಪ್ಟೆಂಬರಿನ ಸಾಲು ಬಿಟ್ಟು. ಅವರು ನಗಲಿಲ್ಲ. “ಗಾಡಿ ಒಳಗೆ ಯಾಕೆ ಕಲ್ಲು ತುಂಬ್ತಾರೆ?” ಎಂದು ಕೇಳಿದರು.

ನಿನ್ನ ಕಲ್ಲಿನ ಲಿಫ್ಟನ್ನು ನಾನು ಬಿಡುತ್ತೇನೆಯೇ? ಮೂರನೇ ವರ್ಷದವರಿಗೆ ಅಸೈನ್‌ಮೆಂಟ್ ಮಾಡಿ ಕೊಟ್ಟಿದ್ದೇನೆ. ಕಲ್ಲಿನ ತೂಕ ನಾನೇ ಅಂದಾಜಿನಲ್ಲಿ ಹಾಕಿದೆ. ಲೆಕ್ಕ ಸುಲಭವಾಗಲಿ ಎಂದು ‘ಚಕ್ರದ ಮೇಲೆ ರೋಪು ಜಾರುವುದಿಲ್ಲವೆಂದು ಭಾವಿಸಿ’ ಎಂದೂ ಸೇರಿಸಿ, ತುಂಬಿದ ಡಬ್ಬಿಯನ್ನು ನಿಲ್ಲಿಸಲು ಬ್ರೇಕಿಗೆ ಎಷ್ಟು ಬಲ ಬೇಕು ಎಂದು ಕೇಳಿದ್ದೇನೆ. ನಾನೇ ಮೊದಲು ಬಿಡಿಸಿ ನೋಡಿದೆ. ಬ್ರೇಕ್ ಇನ್ನಷ್ಟು ಬಿಗಿಯಾಗಬೇಕು ಎಂದೇ ಉತ್ತರ ಬರುತ್ತದೆ. ನಿಮ್ಮ ಮೇಸ್ತ್ರಿ ಅಂಗೈಯಿಟ್ಟು ಹೇಳಿದ್ದನ್ನು ನಾನು ಕುರ್ಚಿಯಿಂದ ಏಳದೆ ಹೇಳಿದೆ. ಈಗ ಹೇಳು, ಯಾರು ದೊಡ್ಡವರು?

ಗೆದ್ದೆ ಎಂದು ಬರೆಯುತ್ತಿಲ್ಲ. ನೀನಿಲ್ಲದೆ ಮನೆಯಲ್ಲಿ ಬೇಜಾರು. ಊಟಕ್ಕೆ ಕುಳಿತಾಗ ನಾನು, ಅಪ್ಪ ಮತ್ತು ಟಿವಿ. ಟಿವಿ ಒಂದೇ ಮಾತಾಡುತ್ತದೆ. ಬಾ ಮಾರಾಯ.

ಅಕ್ಕ


ಆಗಸ್ಟ್ ೩೦

ಅಕ್ಕಾ,

ಲಿಫ್ಟು ದಾರಿಗೆ ಬಂತು. ನಿನ್ನ ಕಾಗದವನ್ನು ಮೇಸ್ತ್ರಿಗೆ ಓದಿ ಹೇಳಿದೆ. ಪುಸ್ತಕವೂ ಹೂಂ ಅಂದಿತು ಎಂದು ಅವರಿಗೆ ಖುಷಿಯೋ ಖುಷಿ. ಬ್ರೇಕ್ ಬಿಗಿ ಮಾಡಿಯಾಯಿತು. ಈಗ ನೆಲದ ಮಟ್ಟಕ್ಕೇ ನಿಲ್ಲುತ್ತದೆ, ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಮಾಲೀಕರು ನಮ್ಮಿಬ್ಬರಿಗೂ ಕಾಫಿ ತರಿಸಿದರು.

ಇನ್ನೊಂದು ವಿಷಯ. ಕಂಪನಿಯವರು ನನ್ನನ್ನು ಕಾಯಂ ಮಾಡಿಕೊಳ್ಳುತ್ತಾರಂತೆ. ನಾನು ಹದಿನೈದಕ್ಕೆ ಬರುವುದಿಲ್ಲ ಎಂದುಕೊಂಡಿದ್ದೇನೆ. ಅಪ್ಪನಿಗೆ ನೀನೇ ನಿಧಾನವಾಗಿ ಹೇಳಬೇಕು. ನನ್ನಿಂದ ಆಗುವುದಿಲ್ಲ. ಎರಡು ಸಲ ಅವರಿಗೆ ಕಾಗದ ಬರೆದು ಹರಿದು ಹಾಕಿದೆ. ಇಷ್ಟವಾದ ಕೆಲಸದಲ್ಲಿ ಇದ್ದೇನೆ ಎಂದು ಹೆತ್ತ ಅಪ್ಪನಿಗೆ ಹೇಳಲು ಇಷ್ಟು ಭಯ ಯಾಕೆ ಎಂದು ನನಗೇ ಅರ್ಥವಾಗುವುದಿಲ್ಲ.

ತಮ್ಮ


ಸೆಪ್ಟೆಂಬರ್ ೯

ತಮ್ಮಾ,

ಇದನ್ನು ನಿಂತುಕೊಂಡು ಓದು, ಓದಿದ ಕೂಡಲೇ ಹೊರಡು. ಆ ಕಣ್ಣಿನ ಡಾಕ್ಟರ ಕಟ್ಟಡದ ಲಿಫ್ಟನ್ನು ನಿಲ್ಲಿಸು. ಯಾರನ್ನೂ ಹತ್ತಿಸಬೇಡ.

ಅಸೈನ್‌ಮೆಂಟು ತಿದ್ದಿ ಕೊಟ್ಟೆ. ಎಲ್ಲರೂ ನಾನು ಬಯಸಿದ ಉತ್ತರವನ್ನೇ ಬರೆದಿದ್ದರು, ಕೊನೆಯ ಬೆಂಚಿನ ಒಬ್ಬ ಹುಡುಗಿಯನ್ನು ಬಿಟ್ಟು. ಮಾತೇ ಆಡದವಳು. ಅವಳು ‘ರೋಪು ಜಾರುವುದಿಲ್ಲವೆಂದು ಭಾವಿಸಿ’ ಎಂಬ ಸಾಲಿಗೆ ಗೆರೆ ಎಳೆದು, ಹಾಗೆ ಭಾವಿಸಲು ಆಗುವುದಿಲ್ಲ ಎಂದು ಬರೆದಿದ್ದಳು. ಡಬ್ಬಿಯ ಕಡೆ ತೂಕ ಏರಿದೆ, ಎದುರಿನ ಭಾರ ಇದ್ದಷ್ಟೇ ಇದೆ. ಬ್ರೇಕ್ ಹಿಡಿಯುವುದು ಚಕ್ರವನ್ನು, ರೋಪನ್ನಲ್ಲ. ಚಕ್ರ ನಿಂತರೂ ಅದರ ಮೇಲೆ ರೋಪು ಜಾರಬಹುದು, ಬ್ರೇಕ್ ಎಷ್ಟೇ ಬಿಗಿ ಮಾಡಿದರೂ. ಕಲ್ಲನ್ನು ತೂಗದೆ, ಚಕ್ರದಲ್ಲಿ ರೋಪು ಕೂರುವ ಗ್ರೂವ್ ಸವೆದಿದೆಯೇ ಎಂದು ನೋಡದೆ ಉತ್ತರ ಹೇಳಲಾಗದು. ಇಷ್ಟು ಬರೆದು, ಗ್ರೂವ್ ಸವೆದಿಲ್ಲದಿದ್ದರೂ ಎಷ್ಟು ಜಾರಬಹುದು ಎಂದು ಕೆಳಗೆ ಅಂದಾಜಿನ ಲೆಕ್ಕವನ್ನೂ ಹಾಕಿದ್ದಳು. ನಾನು, ಕೊಟ್ಟ ವಿಧಾನ ಅನುಸರಿಸಿಲ್ಲ ಎಂದು ಅರ್ಧ ಅಂಕ ಕತ್ತರಿಸಿದೆ. ಹೌದು, ಕತ್ತರಿಸಿದೆ.

ಇವತ್ತು ತರಗತಿ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತಿದ್ದಳು. ಅಂಕ ಕೇಳಲು ಬಂದಳು ಎಂದುಕೊಂಡೆ. “ಮೇಡಂ, ಈ ಲಿಫ್ಟು ಎಲ್ಲಾದ್ರೂ ನಿಜವಾಗ್ಲೂ ಇದೆಯಾ? ಅದರಲ್ಲಿ ಜನ ಓಡಾಡ್ತಾರಾ?” ಎಂದು ಕೇಳಿದಳು.

ಬಿಗಿ ಮಾಡಿ ಎಂದವಳು ನಾನು. ಸ್ಟಾಫ್ ರೂಮಿಗೆ ಓಡಿ ನಿಮ್ಮ ಕಂಪನಿಗೆ ಫೋನ್ ಮಾಡಿದೆ. ಎತ್ತಿಕೊಂಡವರು ‘ಕಂಪ್ಲೇಂಟ್ ನಂಬರ್ ಹೇಳಿ’ ಎಂದರು. ನನ್ನ ಹತ್ತಿರ ಅದು ಎಲ್ಲಿದೆ? ಕಟ್ಟಡದ ಹೆಸರೂ ನೀನು ಬರೆದಿಲ್ಲ. ಮೆಕ್ಯಾನಿಕ್‌ಗಳು ಹೊರಗಿದ್ದಾರೆ, ಹೇಳ್ತೀವಿ ಎಂದು ಇಟ್ಟುಬಿಟ್ಟರು. ನಂಬಿಕೆ ಬರಲಿಲ್ಲ. ಅಪ್ಪನ ಜೊತೆ ಕೆಲಸ ಮಾಡಿದ ಚಾಲಕರೊಬ್ಬರು ಈಗ ನಿನ್ನ ಕಡೆಗೆ ಬಸ್ಸು ಹೊರಡಿಸುತ್ತಿದ್ದಾರೆ. ಕವರನ್ನು ಅವರ ಕೈಗೇ ಕೊಡುತ್ತಿದ್ದೇನೆ, ನಿನ್ನ ವರ್ಕ್‌ಶಾಪಿಗೆ ತಲುಪಿಸುತ್ತಾರೆ. ಹುಡುಗಿಯ ಹಾಳೆಯೂ ಒಳಗಿದೆ.

ಹದಿನೈದರ ವಿಷಯ ಆಮೇಲೆ ಮಾತಾಡೋಣ. ಮೊದಲು ಲಿಫ್ಟು.

ಅಕ್ಕ


ಸೆಪ್ಟೆಂಬರ್ ೧೬

ಅಕ್ಕಾ,

ಮೊದಲು ನೆಮ್ಮದಿಯ ಮಾತು. ಯಾರಿಗೂ ಏನೂ ಆಗಿಲ್ಲ.

ಮರುದಿನ ಬೆಳಿಗ್ಗೆ ಕವರು ಬಂದಾಗ ನಾನು ವರ್ಕ್‌ಶಾಪಿನಲ್ಲೇ ಮಲಗಿ ಎದ್ದು ಹಲ್ಲುಜ್ಜುತ್ತಿದ್ದೆ. ಬಾಯಿ ತೊಳೆಯದೆಯೇ ಓಡಿದೆ. ಮೇನ್ ಸ್ವಿಚ್ ಇಳಿಸಿ, ಬಾಗಿಲಿಗೆ ಹಗ್ಗ ಕಟ್ಟಿ, ಮುಂದೆ ನಿಂತೆ. ಕ್ಲಿನಿಕ್ಕಿಗೆ ಬಂದವರೆಲ್ಲ ಗೊಣಗಿದರು. ಆ ದಿನವೆಲ್ಲ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರ ಕೈ ಹಿಡಿದು ಮೆಟ್ಟಿಲು ಇಳಿಸಿದ್ದೇ ನನ್ನ ಕೆಲಸ. ಒಬ್ಬ ಅಜ್ಜಿ ನನ್ನ ಕೈ ಮುಟ್ಟಿ, “ಗ್ರೀಸ್ ವಾಸನೆ ಬರ್ತಿದೆ, ನೀನೇ ಕೆಡಿಸಿದ್ಯೇನಪ್ಪ?” ಎಂದರು. ನಕ್ಕುಬಿಟ್ಟೆ. ಆಮೇಲೆ ನಗು ನಿಂತುಹೋಯಿತು.

ಯಾಕೆಂದರೆ ನಿನಗೊಂದು ವಿಷಯ ಬರೆದಿರಲಿಲ್ಲ. ಬಿಗಿ ಮಾಡಿಯಾಯಿತು ಎಂದು ಬರೆದಿದ್ದೆನಲ್ಲ, ಮಾಡಿದವನು ನಾನೇ. ಮೇಸ್ತ್ರಿ ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟು, “ಇವತ್ತಿಂದ ನೀನೇ ಮಾಡು” ಎಂದಿದ್ದರು. ಕೆಲಸದ ಹಾಳೆಯಲ್ಲಿ ಸಹಿಯೂ ನನ್ನದೇ, ಮೊದಲನೆಯ ಸಹಿ. ಎಷ್ಟು ಬೀಗಿದ್ದೆ ಎಂದರೆ ನಿನಗೆ ಬರೆಯಲೂ ನಾಚಿಕೆಯಾಗಿ ಬಿಟ್ಟಿದ್ದೆ.

ಮಾಲೀಕರು ಹಾರಾಡಿದರು. ಸರಿಯಾಗಿ ಓಡುತ್ತಿದ್ದ ಲಿಫ್ಟನ್ನು ಒಂದು ಕಾಗದ ನೋಡಿ ನಿಲ್ಲಿಸುತ್ತೀರಾ, ಬೇರೆ ಕಂಪನಿಯವರನ್ನು ಕರೆಸಿ ನಾಳೆಯೇ ಓಡಿಸುತ್ತೇನೆ ಎಂದರು. ಮೇಸ್ತ್ರಿಗೂ ಮೊದಲು ಸಿಟ್ಟೇ ಬಂತು. “ನನ್ನ ಕೈ ಸುಳ್ಳು ಹೇಳುತ್ತೇನೋ?” ಎಂದು ಕೇಳಿದರು. ಹುಡುಗಿಯ ಹಾಳೆ ಕೊಟ್ಟೆ. ಅವರು ಲೆಕ್ಕ ಬಿಟ್ಟು ಅಕ್ಷರ ಮಾತ್ರ ಓದಿದರು. ‘ಬ್ರೇಕ್ ಹಿಡಿಯುವುದು ಚಕ್ರವನ್ನು, ರೋಪನ್ನಲ್ಲ’ ಎಂಬಲ್ಲಿ ಬೆರಳಿಟ್ಟು ಮತ್ತೊಮ್ಮೆ ಓದಿದರು. ಆಮೇಲೆ ಅವರೇ ಹೋಗಿ ಸರ್ಕಾರದ ಇನ್‌ಸ್ಪೆಕ್ಟರಿಗೆ ತಿಳಿಸಿದರು. ತಮ್ಮ ತಪ್ಪನ್ನು ತಾವೇ ಹೋಗಿ ಹೇಳುವುದು ಸುಲಭವಲ್ಲ ಅಕ್ಕಾ, ಆ ವಯಸ್ಸಿನಲ್ಲಿ.

ಇನ್‌ಸ್ಪೆಕ್ಟರ್ ಪರೀಕ್ಷೆಗೆ ಕೊಟ್ಟ ದಿನ ಹದಿನೈದು. ಬ್ರೇಕಿನ ಹಾಳೆಗೆ ಸಹಿ ಹಾಕಿದವನು ಎದುರಿಗಿರಲೇಬೇಕು, ಇಲ್ಲದಿದ್ದರೆ ಪರೀಕ್ಷೆ ಇಲ್ಲ, ಇನ್ನೊಂದು ದಿನ ಸಿಗಲು ತಿಂಗಳಾಗುತ್ತದೆ ಎಂದರು. ಅಷ್ಟು ದಿನ ಮಾಲೀಕರು ಸುಮ್ಮನಿರುತ್ತಾರೆಯೇ? ಮೇಸ್ತ್ರಿಗೆ ನನ್ನ ಸೀಟಿನ ವಿಷಯ ಗೊತ್ತಿತ್ತು. “ನೀನು ಹೊರಡು, ಏನಾದ್ರೂ ಹೇಳಿ ನಿಭಾಯಿಸ್ತೀನಿ” ಎಂದರು. ಹದಿನಾಲ್ಕರ ಸಂಜೆ ಚೀಲ ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೂ ಹೋದೆ. ಬಸ್ಸು ನಿಂತಿತ್ತು, ಜನ ಹತ್ತುತ್ತಿದ್ದರು. ನನ್ನಿಂದ ಹತ್ತಲಾಗಲಿಲ್ಲ. ವಾಪಸ್ಸು ಬಂದೆ.

ಹದಿನೈದರ ಬೆಳಿಗ್ಗೆ ಡಬ್ಬಿಗೆ ಅದು ಹೊರಬೇಕಾದ ಪೂರ್ತಿ ತೂಕದಷ್ಟು ಮರಳಿನ ಚೀಲ ತುಂಬಿದೆವು, ದಿನದ ಓಡಾಟದಲ್ಲಿ ಅಷ್ಟು ಜನ ಒಮ್ಮೆಗೇ ಹತ್ತಿರಲಿಲ್ಲ. ಮೇಲೆ ಮೆಷಿನ್ ರೂಮಿನಲ್ಲಿ ಚಕ್ರಕ್ಕೂ ರೋಪಿಗೂ ಸೇರುವಂತೆ ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆದು, ಲಿಫ್ಟನ್ನು ಒಂದು ಮಹಡಿ ಹತ್ತಿಸಿ, ಮತ್ತೆ ಇಳಿಯಲು ಬಿಟ್ಟು, ಎರಡು ತುಂಡಾಗಿದ್ದ ಆ ಗೆರೆ ಮತ್ತೆ ಕೂಡಿದ ಕ್ಷಣಕ್ಕೆ ಬ್ರೇಕ್ ಹಾಕಿದರು. ಚಕ್ರ ಗಕ್ಕನೆ ನಿಂತಿತು. ನಾನು ಬಿಗಿ ಮಾಡಿದ ಬ್ರೇಕ್ ಅಲ್ಲವೇ, ಎಷ್ಟು ಚೆನ್ನಾಗಿ ನಿಂತಿತು! ಚಕ್ರದ ಮೇಲಿನ ಸುಣ್ಣ ಇದ್ದಲ್ಲೇ ಇತ್ತು. ರೋಪಿನ ಮೇಲಿನ ಸುಣ್ಣ ನಮ್ಮ ಕಣ್ಣ ಮುಂದೆಯೇ ಜಾರಿಕೊಂಡು ಕೆಳಗೆ ಹೋಯಿತು. ಸದ್ದೂ ಇರಲಿಲ್ಲ. ಮೊಳದಷ್ಟು ಹೋಗಿ, ಇನ್ನೂ ಹೋಗಿ, ಆಮೇಲೆ ಹೇಗೋ ನಿಂತಿತು. ಹುಡುಗಿಯ ಲೆಕ್ಕದಲ್ಲಿ ಇದಕ್ಕಿಂತ ಕಡಿಮೆ ಇತ್ತು. ಗ್ರೂವ್ ಅಷ್ಟು ನುಣುಪಾಗಿ ಸವೆದಿದೆ ಎಂದು ಅವಳಿಗೆ ಹೇಗೆ ತಿಳಿಯಬೇಕು? ಅದರ ಮೇಲೆ ದಿನಾ ಕೈಯಿಟ್ಟ ನಮಗೇ ತಿಳಿಯಲಿಲ್ಲ. ಮೇಸ್ತ್ರಿ ತಮ್ಮ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು, ಅದರಲ್ಲಿ ಏನೂ ಅಂಟಿರಲಿಲ್ಲ. ನಾನು ಹೊರಗೆ ಬಂದು ತಾರಸಿಯ ಗೋಡೆ ಹಿಡಿದು ಅತ್ತೆ. ಆ ಅಜ್ಜಿ ಒಳಗಿದ್ದಿದ್ದರೆ?

ಕಲ್ಲು ಕೀಳಿಸಲು ಇನ್‌ಸ್ಪೆಕ್ಟರ್ ಆರ್ಡರ್ ಮಾಡಿದ್ದಾರೆ. ಚಕ್ರವೂ ಬದಲಾಗಬೇಕು. ಅಲ್ಲಿಯವರೆಗೆ ಬೀಗ.

ಇಷ್ಟೆಲ್ಲ ಮುಗಿದಾಗ ಮಧ್ಯಾಹ್ನ ದಾಟಿತ್ತು. ಆ ಹೊತ್ತಿಗೆ ನೀನು ಆಫೀಸಿನ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದೆ ಎಂದು ನನಗೆ ಗೊತ್ತು. ಸುಳ್ಳು ಹೇಳುವುದಿಲ್ಲ, ಈ ಸಲ ಸೀಟು ಬೇಕಾಗಿತ್ತು. ಹುಡುಗಿಯ ಹಾಳೆಯಲ್ಲಿ ಮೂರನೇ ಸಾಲಿನಿಂದ ಮುಂದೆ ನನಗೆ ಅರ್ಥವಾಗುವುದಿಲ್ಲ. ನಾನು ಎರಡು ವರ್ಷ ಅಲ್ಲೇ ಕೂತಿದ್ದವನು, ಆದರೂ ಅರ್ಥವಾಗುವುದಿಲ್ಲ. ರೋಪು ಯಾಕೆ ಜಾರಿತು ಎಂದು ಕೇಳಿದರೆ ಜಾರಿದ್ದನ್ನು ತೋರಿಸಬಲ್ಲೆನೇ ಹೊರತು ಜಾರುವ ಮೊದಲು ಹೇಳಲಾರೆ. ಅದನ್ನು ಕಲಿಯಲೇಬೇಕು ಎನಿಸಿದೆ. ಬೇಡವಾದಾಗ ಸೀಟು ಇತ್ತು, ಬೇಕಾದಾಗ ಹೋಯಿತು.

ಅಪ್ಪನಿಗೆ ಏನು ಹೇಳುತ್ತೀಯೋ ಹೇಳು. ನಾನು ಹಾಳು ಮಾಡಿದೆ ಎಂದೇ ಹೇಳು.

ತಮ್ಮ


ಸೆಪ್ಟೆಂಬರ್ ೨೨

ತಮ್ಮಾ,

ಹೌದು, ಆಫೀಸಿನ ಬಾಗಿಲಲ್ಲೇ ನಿಂತಿದ್ದೆ. ಕಿಟಕಿ ಮುಚ್ಚಿದಾಗ ನಿನ್ನನ್ನು ಬಾಯಿಗೆ ಬಂದಂತೆ ಬೈದುಕೊಂಡೆ. ನಿನ್ನ ಕಾಗದ ಬಂದ ಮೇಲೆ ಪ್ರಿನ್ಸಿಪಾಲರ ಹತ್ತಿರ ಹೋದೆ. ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಿಟ್ಟು, “ಹುಡುಗ ಒಳ್ಳೇ ಕೆಲಸ ಮಾಡಿದಾನಮ್ಮ, ಆದ್ರೆ ನಿಯಮ ನಿಯಮ” ಎಂದರು. ಬೇಡಿಕೊಂಡೆ. ಆಗಲಿಲ್ಲ. ಮತ್ತೆ ಸೇರಬೇಕಾದರೆ ಮುಂದಿನ ವರ್ಷ, ಮೊದಲ ವರ್ಷದಿಂದಲೇ. ನಿನಗೆ ಬೇಕೋ ಬೇಡವೋ ನಿಧಾನವಾಗಿ ಯೋಚಿಸು. ನಾನು ಈ ಸಲ ಎಳೆಯುವುದಿಲ್ಲ.

ಹುಡುಗಿಗೆ ಲಿಫ್ಟಿನ ಪರೀಕ್ಷೆಯ ಸಂಗತಿ ಹೇಳಿದೆ. ಕತ್ತರಿಸಿದ ಅಂಕ ವಾಪಸ್ಸು ಕೊಟ್ಟೆ. ಅವಳಿಗೆ ಅದು ಬೇಕಾಗಿರಲಿಲ್ಲ. ಗ್ರೂವ್ ಎಷ್ಟು ಸವೆದಿತ್ತು ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ತರಗತಿಯಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಇದೇ ಮೊದಲು. ರಜೆಯಲ್ಲಿ ಬರುತ್ತೇನೆ, ಮೇಸ್ತ್ರಿಯವರು ಒಪ್ಪಿದರೆ ನನ್ನನ್ನೂ ಆ ಮೆಷಿನ್ ರೂಮಿಗೆ ಹತ್ತಿಸು. ಮೆಟ್ಟಿಲಲ್ಲೇ ಬರುತ್ತೇನೆ, ಹೆದರಬೇಡ.

ಇನ್ನು ಅಪ್ಪ. ದಿನವೂ ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡಿದೆ. ನಿನ್ನೆ ಊಟವಾದ ಮೇಲೆ ಟಿವಿ ಆರಿಸಿ ಎಲ್ಲ ಹೇಳಿಬಿಟ್ಟೆ. ಕಾಲೇಜಿನ ತರಬೇತಿ ಸುಳ್ಳು ಎಂದೆ. ಬಿಗಿ ಮಾಡಿ ಎಂದು ನಾನು ಬರೆದದ್ದು, ನೀನು ಸಹಿ ಹಾಕಿದ್ದು, ಸೀಟು ಹೋದದ್ದು, ಎರಡು ವರ್ಷ ನೀರುಪಾಲಾದದ್ದು, ಅವರಿಗೆ ಬರೆದ ಕಾಗದವನ್ನು ನೀನು ಹೆದರಿ ಹರಿದು ಹಾಕಿದ್ದು, ಒಂದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ನನಗೇ ಅಳು ಬಂತು. ಅವರು ಬೈಯುತ್ತಾರೆ, ಎದ್ದು ಹೋಗುತ್ತಾರೆ, ಇನ್ನು ಡಿಪೋದಲ್ಲಿ ಹೇಗೆ ಮುಖ ತೋರಿಸಲಿ ಎನ್ನುತ್ತಾರೆ ಎಂದು ಕಾದೆ.

“ರೋಪು ಜಾರಿದಾಗ ಒಳಗೆ ಜನ ಇದ್ರಾ?” ಎಂದು ಕೇಳಿದರು.

“ಇಲ್ಲಪ್ಪ, ಮರಳಿನ ಚೀಲ.”

“ಒಬ್ರೂ ಇರ್ಲಿಲ್ವಾ?”

“ಒಬ್ರೂ ಇರ್ಲಿಲ್ಲ.”

ಅಪ್ಪ ಉಸಿರು ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ಮತ್ತೆ ನನಗೆ ಹೇಳೋಕೆ ಯಾಕಮ್ಮ ಅಷ್ಟು ಹೆದರಿದಾನೆ ಅವನು?” ಎಂದರು.

ನೀನೇ ಬಂದು ಹೇಳು.

ಅಕ್ಕ